ಒಂದೇ ನಂಬರಿನ ಇಬ್ಬರು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಸೀಸನ್ ಶುರುವಾಗೋಕೆ ಮುಂಚಿನ ಮ್ಯಾಚುಗಳಿಗೆ ಟೀಮಲ್ಲಿ, ಆಮೇಲೆ ತೆಗೆದುಹಾಕೋರೂ ಸೇರಿ, ಎಷ್ಟು ಜನ ತುಂಬಿರ್ತಾರಂದ್ರೆ, ಒಂದೇ ನಂಬರಿನ ಜರ್ಸಿ ಇಬ್ಬರಿಗೆ ಕೊಡ್ತಾರೆ. ಇದು ನನಗೆ ಗೊತ್ತಾಗಿದ್ದು ಫೋಟೋ ತೆಗೆದ ಮೇಲೆ.

ಅಮೆರಿಕದಲ್ಲಿ ನಮ್ಮೂರು ಕೊಲಂಬಿಯಾದ ಸಲೀಂ ಅಂಕಲ್ ತಮ್ಮ ನ್ಯೂಸ್ ಸೈಟಿಗೆ ಫೋಟೋ ತೆಗೆಯೋಕೆ ನನ್ನನ್ನ ಮೊದಲ ಸಲ ಕಳಿಸಿದ್ರು. "ಹೆಸರು ತಪ್ಪು ಹಾಕಿದ್ರೆ ಇನ್ಮೇಲೆ ನಮಗೆ ಪಾಸ್ ಕೊಡಲ್ಲ ಕಣೋ. ನಿನ್ನ ಕೋತಿಚೇಷ್ಟೆ ಅಲ್ಲಿ ಬೇಡ," ಅಂದಿದ್ರು.

ನಲವತ್ತೊಂದನೇ ನಂಬರಿನವನು ಎದುರಾಳಿ ಒದ್ದ ಚೆಂಡನ್ನ ತಡೆದು, ಎತ್ಕೊಂಡು ಓಡಿ ಮ್ಯಾಚ್ ಗೆಲ್ಲಿಸಿದ. ಫೋಟೋ ಸಖತ್ತಾಗಿ ಬಂತು. ಆದ್ರೆ ಎದುರಿಂದ ತೆಗೆದಿದ್ದೆ. ಬೆನ್ನ ಮೇಲಿನ ಹೆಸರೂ ಇಲ್ಲ, ಹೆಲ್ಮೆಟ್ಟಲ್ಲಿ ಮುಖವೂ ಕಾಣಲ್ಲ. ಟೀಮ್ ಪಟ್ಟಿ ನೋಡಿದ್ರೆ ಆ ನಂಬರಿನವರು ಇಬ್ಬರು. ಅಂಕಲ್ ಮೇಲಿಂದ ಮೇಲೆ ಫೋನ್ ಮಾಡಿ "ಹೆಸರೇನೋ?" ಅಂತಿದ್ರು.

ಮ್ಯಾಚ್ ಮುಗಿದ ಕೂಡಲೇ ಅವರಲ್ಲೊಬ್ಬನಿಗೆ ಫೋಟೋ ತೋರಿಸಿ, "ಇದು ನೀವಾ?" ಅಂದೆ. ಅವನು ಫೋಟೋನ ದೊಡ್ಡದು ಮಾಡಿ ನೋಡಿದ.

"ನಾಳೆ ನನ್ನನ್ನ ಟೀಮಿಂದ ತೆಗೀತಾರೆ. ನಾನೇ ಅಂದ್ರೆ ನಂಬ್ತೀಯಾ?"

ದಿನಾ ಸುಳ್ಳು ಹೇಳಿ ಊರವರನ್ನೆಲ್ಲ ಬೇಸ್ತು ಬೀಳಿಸೋ ನನಗೆ ಅವನ ಮುಖ ನೋಡಿ ಏನೂ ಗೊತ್ತಾಗಲಿಲ್ಲ. "ನಂಬ್ತೀನಿ," ಅಂದೆ.

"ನಾನಲ್ಲ, ಅವನು," ಅಂತ ಇನ್ನೊಬ್ಬನ ಕಡೆ ಕೈ ತೋರಿಸಿದ.

ಸರಿಯಾದ ಹೆಸರು ಹಾಕಿ ಕಳಿಸಿದೆ. ಜೊತೆಗೆ ಇವನದ್ದೂ ಒಂದು ಫೋಟೋ, ಹೆಲ್ಮೆಟ್ ಇಲ್ಲದೆ.

ಅಂಕಲ್ ಫೋನ್ ಮಾಡಿ, "ಇವನ್ಯಾರೋ? ಏನು ಮಾಡಿದ?" ಅಂದ್ರು.

"ನಿಜ ಹೇಳಿದ, ಅಂಕಲ್."

"ಅದಕ್ಕೆಲ್ಲ ಸ್ಪೋರ್ಟ್ಸ್ ಪೇಜಲ್ಲಿ ಜಾಗ ಇಲ್ಲ ಕಣೋ."