ಇನ್ನೈದು ವರ್ಷದಲ್ಲಿ ಬರುವ ಮದ್ದು

ಬೆಳಿಗ್ಗೆ ನನ್ನ ಮೆಡಿಕಲ್ ಶಾಪಿನ ಶಟರನ್ನು ಅರ್ಧ ಎತ್ತಿ, ಬಗ್ಗಿ ಒಳಗೆ ನುಗ್ಗಿ ದೀಪ ಹಾಕುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಒಳಗೆ ಬರುತ್ತಿತ್ತು. ಬಲೆಯ ಹಗ್ಗ ಎಳೆದೆಳೆದು ಗೆಣ್ಣುಗಳೆಲ್ಲ ದಪ್ಪಗಾದ ಕೈ. ಮಣಿಕಟ್ಟಿನ ಹತ್ತಿರ ಒಂದೆರಡು ಮೀನಿನ ಪರೆ ಅಂಟಿಕೊಂಡಿರುತ್ತಿತ್ತು. ಆ ಕೈಯಲ್ಲಿ ಪೇಪರಿನ ಒಂದು ತುಂಡು. ಮುಖ ಕಾಣುವ ಮೊದಲೇ ಮಾತು ಶುರು.

"ತಂಗೀ, ಈ ಮದ್ದು ಬಂತಾ?"

"ಬೊಮ್ಮಣ್ಣ, ದೇವರಿಗೆ ಊದಿನಕಡ್ಡಿ ಹಚ್ಚುಕಾದ್ರೂ ಬಿಡ್ತೀರಾ ನೀವು?"

"ನೀ ಹಚ್ಚು, ಯಾರು ಬೇಡ ಅಂದ್ರು? ಹಚ್ತಾ ಹಚ್ತಾ ಓದು."

ಓದದಿದ್ದರೆ ಅವರು ಹೋಗುವ ಪೈಕಿಯಲ್ಲ. ಓದಿದರೆ ಅದೇ ಕತೆ. ಎಲ್ಲೋ ಪರದೇಶದ ವಿಜ್ಞಾನಿಗಳು ಇಲಿಗೆ ಕಣ್ಣು ಬರಿಸಿದ್ದಾರೆ, ಅಥವಾ ನಾಯಿಗೆ ಬರಿಸಿದ್ದಾರೆ. ಕೊನೆಯ ಸಾಲಿನಲ್ಲಿ, ಎಲ್ಲ ಸರಿಹೋದರೆ ಇನ್ನೈದು ವರ್ಷದಲ್ಲಿ ಮನುಷ್ಯರಿಗೂ ಈ ಮದ್ದು ಸಿಗಬಹುದು. ನಾನು ಅದನ್ನು ಗಟ್ಟಿಯಾಗಿ ಓದಿ ತುಂಡನ್ನು ವಾಪಸು ಕೊಡುತ್ತಿದ್ದೆ. ಅವರು ಅದನ್ನು ಅಂಗಿಯ ಕಿಸೆಗೆ ತುರುಕಿ, "ಹಿಂದಿನ ಸಲವೂ ಐದು ವರ್ಷ ಅಂದಿದ್ರು. ಇವರ ಐದು ವರ್ಷ ಯಾವಾಗ ಶುರುವಾತದೆ ಕೇಳು" ಎಂದು ನನ್ನನ್ನೇ ಗದರುತ್ತಿದ್ದರು. ಆ ಮದ್ದನ್ನು ನಾನೇ ಮುಚ್ಚಿಟ್ಟುಕೊಂಡು ಕೂತಿದ್ದೇನೋ ಎಂಬಂತೆ!

ಬೊಮ್ಮಯ್ಯ ಮಂಜಗುಣಿಯವರು. ಸ್ವಂತದ್ದೊಂದು ಸಣ್ಣ ದೋಣಿ, ಗಂಗಾವಳಿ ಹೊಳೆ ಸಮುದ್ರ ಸೇರುವಲ್ಲಿ ಬಲೆ ಬಿಡುವ ಕೆಲಸ. ಹೆಂಡತಿ ಹೊನ್ನಮ್ಮ ಬುಟ್ಟಿ ಹೊತ್ತು ಅಂಕೋಲೆಯ ಕೇರಿಕೇರಿಗೆ ಮೀನು ಮಾರುತ್ತಿದ್ದರು. ನಮ್ಮ ಮನೆಯ ಕಟ್ಟೆಯ ಮೇಲೂ ಆ ಬುಟ್ಟಿ ಇಳಿಯುತ್ತಿತ್ತು. ಹೊನ್ನಕ್ಕನ ಬಾಯಿ ಅಂದರೆ ಬಾಯಿ. ಮೀನಿನ ಕಿವಿರು ಎತ್ತಿ ನೋಡಿದರೆ ಸಾಕು, "ನೋಡು ನೋಡು, ಹೆಣ್ಣು ನೋಡುಕೆ ಬಂದವರ ಹಂಗೆ ನೋಡು" ಎಂದು ನನ್ನ ಅಮ್ಮನ ಕಾಲನ್ನೇ ಎಳೆಯುತ್ತಿದ್ದರು.

ಹೊನ್ನಕ್ಕನಿಗೆ ಮೊದಲು ಸಂಜೆಯಾದರೆ ಕಾಣದಾಯಿತು. ಆಮೇಲೆ ಅಕ್ಕಪಕ್ಕದ್ದು ಕಾಣದಾಯಿತು. ಕಣ್ಣ ನೇರಕ್ಕೆ ಇದ್ದದ್ದು ಮಾತ್ರ, ಬಿದಿರಿನ ಕೊಳವೆಯಲ್ಲಿ ನೋಡಿದ ಹಾಗೆ. ಕಾರವಾರದ ಕಣ್ಣಿನ ಡಾಕ್ಟರು ನೋಡಿ, ಕಣ್ಣಿನ ಒಳಪರದೆ ಒಣಗುತ್ತಾ ಬಂದಿದೆ, ಹುಟ್ಟಿನಿಂದಲೇ ಬಂದ ರೋಗ, ಸದ್ಯಕ್ಕೆ ಮದ್ದಿಲ್ಲ, ಆದರೆ ಸಂಶೋಧನೆ ನಡೀತಾ ಇದೆ ಎಂದರಂತೆ. ಡಾಕ್ಟರು ಸಮಾಧಾನಕ್ಕೆ ಆಡಿದ ಮಾತು ಅದು. ನಾವು ನೀವಾದರೆ 'ಮದ್ದಿಲ್ಲ' ಎಂಬುದನ್ನು ಕೇಳಿಕೊಂಡು ಮನೆಗೆ ಬರುತ್ತಿದ್ದೆವು. ಬೊಮ್ಮಣ್ಣ 'ಸದ್ಯಕ್ಕೆ' ಎಂಬುದನ್ನು ಹಿಡಿದುಕೊಂಡು ಬಂದರು.

ಅಲ್ಲಿಂದ ಆ ಮನುಷ್ಯನಿಗೆ ನೆಮ್ಮದಿ ಅನ್ನುವುದು ಇರಲಿಲ್ಲ. ಅದುವರೆಗೆ ಪೇಪರನ್ನು ಒಣಮೀನು ಕಟ್ಟಲು ಮಾತ್ರ ಬಳಸುತ್ತಿದ್ದವರು ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಬಂದು ಎಲ್ಲ ಪೇಪರಿನ ವಿಜ್ಞಾನದ ಮೂಲೆಯನ್ನೂ ಹುಡುಕತೊಡಗಿದರು. ಅಂಗಡಿಯವನ ಕಣ್ಣು ತಪ್ಪಿಸಿ ಹರಿದುಕೊಳ್ಳುತ್ತಿದ್ದರು. ಹಿಂದಿನ ಪುಟದ ಕ್ರಿಕೆಟ್ ಸುದ್ದಿಗೆ ತೂತು ಬಿದ್ದಿದೆ ಎಂದು ಉಳಿದ ಗಿರಾಕಿಗಳ ಬೊಬ್ಬೆ. ಬೊಮ್ಮಣ್ಣನಿಗೆ ಅದರ ಗೊಡವೆಯೇ ಇಲ್ಲ.

ವಿಜ್ಞಾನದ ಯಾವ ಸುದ್ದಿ ಬಂದರೂ ಅವರಿಗೆ ಅದು ಹೊನ್ನಕ್ಕನ ಕಣ್ಣಿನ ಸುದ್ದಿಯೇ. ಮನುಷ್ಯನ ಶರೀರದ ಜೀನುಗಳ ನಕ್ಷೆಯನ್ನೆಲ್ಲ ವಿಜ್ಞಾನಿಗಳು ಓದಿ ಮುಗಿಸಿದರು ಎಂದು ಬಂದಾಗ, "ಓದಿ ಮುಗೀತಲ್ಲ, ರಿಪೇರಿ ಯಾವಾಗ?" ಎಂದರು. ಮಂಗಳ ಗ್ರಹದಲ್ಲಿ ಇಳಿದ ಗಾಡಿ ಅಲ್ಲಿನ ಕಲ್ಲುಮಣ್ಣಿನ ಫೋಟೋ ಕಳಿಸಿದಾಗ ಅಂಕೋಲೆಯಲ್ಲಿ ಎಲ್ಲರಿಗೂ ಖುಷಿಯೋ ಖುಷಿ. ಕಾಲೇಜಿನ ಹುಡುಗರು ಪೇಪರು ಹಿಡಿದುಕೊಂಡು ಅಲ್ಲಿ ನೀರಿತ್ತೋ ಇಲ್ಲವೋ ಎಂದು ನನ್ನ ಅಂಗಡಿ ಮುಂದೆ ವಾದ ಮಾಡುತ್ತಿದ್ದರು. ಬೊಮ್ಮಣ್ಣ ಮಾತ್ರ ಕೆಂಡ.

"ಅಷ್ಟು ದೂರ ಬಿದ್ದ ಕಲ್ಲು ಇವರಿಗೆ ಇಲ್ಲಿಂದ ಕಾಣ್ತದೆ. ನಮ್ಮನೆ ಹಿತ್ತಲಲ್ಲಿಟ್ಟ ಕೊಡಪಾನ ಅವಳಿಗೆ ಕಾಣೂದಿಲ್ಲ. ನಿನ್ನೆ ಎಡವಿ ಬಿದ್ಳು ತಂಗೀ, ಮೊಣಕಾಲು ಒಡದದೆ. ಆ ಕಲ್ಲನ್ನ ಆಮೇಲೆ ನೋಡಿದ್ರೆ ಓಡಿ ಹೋತಿತ್ತಾ?"

ಹುಡುಗರು ನಕ್ಕರು. ನನಗೂ ನಗು ಬಂದಿತ್ತು, ಮೊಣಕಾಲು ಒಡೆದದ್ದು ಕೇಳಿ ನಿಂತಿತು. ಹತ್ತಿ, ಟಿಂಚರು ಕಟ್ಟಿಕೊಟ್ಟೆ. ಅದನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿಗೂ ಕಾಯದೆ ನಡೆದೇಬಿಟ್ಟರು.

ಇಷ್ಟೆಲ್ಲ ಹೇಳಿ ತಾಟೆ ಮೀನಿನ ಸಂಗತಿ ಹೇಳದಿದ್ದರೆ ಬೊಮ್ಮಣ್ಣ ಏನೆಂದು ನಿಮಗೆ ತಿಳಿಯುವುದಿಲ್ಲ. ತಾಟೆ ಎಂದರೆ ನೀವು ಶಾರ್ಕ್ ಅನ್ನುತ್ತೀರಲ್ಲ, ಅದೇ. ಒಂದು ಹಂಗಾಮಿನಲ್ಲಿ ಬೊಮ್ಮಣ್ಣ ಪೇಪರು ತರುವುದನ್ನು ಬಿಟ್ಟರು. ಬಂದರೆ ತಲೆನೋವಿನ ಮಾತ್ರೆ ಕೇಳುವುದು, ಹೋಗುವುದು. ಮುಖದಲ್ಲಿ ಏನೋ ಗುಟ್ಟು ಬಚ್ಚಿಟ್ಟ ಖುಷಿ. ಎರಡು ಸಲ ಕೊಟ್ಟೆ. ಮೂರನೇ ಸಲ ತಲೆಬಿಸಿಯಾಯಿತು.

"ಯಾರಿಗ್ರೀ ಇಷ್ಟು ತಲೆನೋವು?"

"ಅವಳಿಗೇ. ಮದ್ದು ಹಿಡೀತಾ ಅದೆ, ಅದಕ್ಕೇ ನೋವು."

"ಯಾವ ಮದ್ದು?"

ಮೆಲ್ಲಗೆ ಜಾರಿಕೊಂಡರು. ಮರುದಿನ ಹೊನ್ನಕ್ಕನನ್ನು ಕರಕೊಂಡು ಬಾರದಿದ್ದರೆ ಒಂದು ಮಾತ್ರೆಯೂ ಇಲ್ಲ ಎಂದು ಕೂಗಿ ಹೇಳಿದೆ. ಕರಕೊಂಡು ಬಂದರು. ನೋಡಿದರೆ ಹೊನ್ನಕ್ಕನ ಗುರುತೇ ಸಿಗುವಂತಿರಲಿಲ್ಲ. ತುಟಿ ಒಡೆದು ರಕ್ತ, ಅಂಗೈ ಸುಲಿದು ಸಿಪ್ಪೆ ಏಳುತ್ತಿತ್ತು, ಬೈತಲೆಯ ಹತ್ತಿರ ಕೂದಲು ಉದುರಿ ನೆತ್ತಿ ಕಾಣುತ್ತಿತ್ತು. ಹತ್ತಿರ ಹೋದರೆ ಮೀನೆಣ್ಣೆಯ ಘಾಟು.

ಕೊನೆಗೆ ಬೊಮ್ಮಣ್ಣ ಬಾಯಿಬಿಟ್ಟರು. ವಿಟಮಿನ್ ಎ ಕಣ್ಣಿಗೆ ಒಳ್ಳೆಯದು, ಅದು ಮೀನಿನ ಲಿವರಿನ ಎಣ್ಣೆಯಲ್ಲಿ ಹೇರಳ ಎಂದು ಯಾವುದೋ ಪೇಪರಿನಲ್ಲಿ ಓದಿದ್ದರಂತೆ. ಈ ಸುದ್ದಿಗೆ ನನ್ನ ಅಂಗಡಿ ಯಾತಕ್ಕೆ ಬೇಕು, ಸಮುದ್ರವೇ ಮನೆಯ ಮುಂದಿದೆ! ಕಾರವಾರದ ಬಂದರಿಗೆ ಹೋಗಿ ದೊಡ್ಡ ತಾಟೆಯ ಲಿವರ್ ತಂದು, ಹಿತ್ತಲ ಒಲೆಯ ಮೇಲೆ ಕಾಯಿಸಿ, ಎಣ್ಣೆ ಇಳಿಸಿ, ಹೊತ್ತು ಹೊತ್ತಿಗೆ ಹೆಂಡತಿಗೆ ಕುಡಿಸುತ್ತಿದ್ದರು. ಹಿಂದಿನ ಕಾಲದಲ್ಲಿ ನಮ್ಮ ಕರಾವಳಿಯಲ್ಲಿ ದೋಣಿಯ ಹಲಗೆಗೆ ಬಳಿಯುತ್ತಿದ್ದ ಎಣ್ಣೆ ಅದು.

"ದೋಣಿಗೆ ಹಚ್ಚೋದನ್ನ ಹೆಂಡ್ತಿಗೆ ಕುಡಿಸಿದ್ರಾ ಮಾರಾಯ್ರೆ!"

"ನಮ್ಮಜ್ಜನ ದೋಣಿ ಇನ್ನೂ ಗಟ್ಟಿ ಅದೆ ತಂಗೀ" ಎಂದರು ಬೊಮ್ಮಣ್ಣ.

ಆ ಹೊತ್ತಿಗೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಆ ಜೀವಸತ್ವ ಒಂದು ಮಿತಿಯವರೆಗೆ ಮಾತ್ರ ಮದ್ದು, ಮೀರಿದರೆ ವಿಷ, ತಾಟೆಯ ಲಿವರಿನಲ್ಲಿ ಅದು ಒಂದು ಚಮಚಕ್ಕೆ ಎಷ್ಟಿರುತ್ತದೆ ಎಂದು ಯಾರಿಗೆ ಗೊತ್ತು, ಇನ್ನೊಂದು ತಿಂಗಳು ಕುಡಿಸಿದ್ದರೆ ಕಣ್ಣಲ್ಲ, ಆಳೇ ಇರುತ್ತಿರಲಿಲ್ಲ ಎಂದು ರಸ್ತೆಗೆ ಕೇಳುವ ಹಾಗೆ ಕೂಗಾಡಿದೆ. ಅಂಗಡಿಗೆ ಬೀಗ ಹಾಕಿ ಡಾಕ್ಟರ ಹತ್ತಿರ ನಾನೇ ಕರೆದೊಯ್ದೆ. ಎಣ್ಣೆ ನಿಂತಿತು. ಮಳೆಗಾಲ ಮುಗಿಯುವ ಹೊತ್ತಿಗೆ ಹೊನ್ನಕ್ಕನ ಕೂದಲು ಮತ್ತೆ ಬಂತು. ಕಣ್ಣು ಮಾತ್ರ ಇನ್ನಷ್ಟು ಮಂಜಾಗುತ್ತಲೇ ಹೋಯಿತು. ಅದು ಎಣ್ಣೆಯ ತಪ್ಪಲ್ಲ, ರೋಗದ ದಾರಿಯೇ ಅದು ಎಂದು ಡಾಕ್ಟರು ಹೇಳಿದರು.

ಡಾಕ್ಟರ ಹತ್ತಿರ ಹೋದ ಆ ದಿನ, ಬೊಮ್ಮಣ್ಣ ಹೊರಗೆ ರಿಕ್ಷಾ ಹುಡುಕುತ್ತಿದ್ದಾಗ ಹೊನ್ನಕ್ಕನನ್ನು ಕೇಳಿದೆ, "ನಿಮಗಾದ್ರೂ ಬುದ್ಧಿ ಬೇಡ್ವಾ? ಆ ಗಬ್ಬು ನಾತದ ಎಣ್ಣೆಯನ್ನ ಯಂತಕ್ಕೆ ಕುಡದ್ರಿ?"

"ಮೊದಲ ದಿನವೇ ಹಿತ್ತಲಿಗೆ ಚೆಲ್ಲುವ ಹೇಳಿ ಅಂದ್ಕಂಡಿದ್ದೆ" ಎಂದರು ಹೊನ್ನಕ್ಕ. "ಆದ್ರೆ ಚಮಚ ಹಿಡಕಂಡು ಬರುವಾಗ ಇವರ ಮುಖ ನಂಗಿನ್ನೂ ಕಾಣ್ತಿತ್ತಲೆ ತಂಗೀ. ಆ ಮುಖ ನೋಡಿ ಹೆಂಗೆ ಚೆಲ್ಲುದು?"

ನನ್ನ ಸಿಟ್ಟು ಇಳಿಯಿತು. ಅವತ್ತು ಅಂಗಡಿ ಮತ್ತೆ ತೆಗೆಯಲಿಲ್ಲ.

ಇದಾದ ಮೇಲೂ ಬೊಮ್ಮಣ್ಣ ಸುಮ್ಮನಾಗಲಿಲ್ಲ, ಪೇಪರಿನ ತುಂಡು ಮತ್ತೆ ಬರತೊಡಗಿತು. ಒಂದೇ ವ್ಯತ್ಯಾಸ, ನನ್ನನ್ನು ಕೇಳದೆ ಏನೂ ಮಾಡುತ್ತಿರಲಿಲ್ಲ. ಮೊಬೈಲು ಬಂದ ಮೇಲಂತೂ ಕೇಳುವುದೇ ಬೇಡ. ಗಿರಾಕಿಗಳ ನಡುವೆ ಫೋನ್ ಕಿರುಚುತ್ತಿತ್ತು. ದೋಣಿಯಿಂದಲೇ ಮಾತು, ಹಿಂದೆ ಗಾಳಿಯ ಸದ್ದು. "ತಂಗೀ, ರೇಡಿಯೋದಲ್ಲಿ ಹೇಳಿದ್ರು, ಕಣ್ಣೊಳಗೆ ಎಂತದೋ ಚಿಪ್ಪು ಇಡ್ತಾರಂತೆ. ಕೇಳಿದ್ಯಾ?" ಕೇಳಿಲ್ಲ ಎಂದರೆ ಬೇಜಾರು. ಕೇಳಿದ್ದೇನೆ, ಇನ್ನೂ ಪರೀಕ್ಷೆ ನಡೀತಿದೆ ಎಂದರೆ ಇನ್ನೂ ಬೇಜಾರು. "ಅವಳಿಗೆ ಇನ್ನೂ ಬೆಳಕು ಗೊತ್ತಾತದೆ. ಕಿಟಕಿ ಯಾವ ಬದಿಗೆ ಅದೆ ಹೇಳಿ ಹೇಳ್ತಾಳೆ. ಅದೂ ಹೋಗೂದ್ರೊಳಗೆ ಬರ್ಬೇಕು ಹೇಳು ಅವ್ರಿಗೆ." ಯಾರಿಗೆ ಹೇಳಲಿ ನಾನು? ಆದರೂ ಹೇಳ್ತೇನೆ ಎನ್ನುತ್ತಿದ್ದೆ.

ಬೊಮ್ಮಣ್ಣ ಈಗಿಲ್ಲ. ದೋಣಿ ಎಳೆಯುತ್ತಿದ್ದಾಗ ಎದೆ ಹಿಡಿದುಕೊಂಡು ಬಿದ್ದವರು ಏಳಲಿಲ್ಲ ಎಂಬ ಸುದ್ದಿ ಒಂದು ಬೇಸಿಗೆಯಲ್ಲಿ ಬಂತು. ನಾನು ಅವರನ್ನು ಕೊನೆಗೆ ನೋಡಿದ್ದು ಅದರ ಹಿಂದಿನ ಮಳೆಗಾಲದಲ್ಲಿ, ಒಂದು ಗ್ರಹಣದ ಸಂಜೆ.

ಅಮಾವಾಸ್ಯೆಯ ಸೂರ್ಯಗ್ರಹಣ, ನಮ್ಮ ಕಡೆ ಅರೆಬರೆ ಮಾತ್ರ ಎಂದಿದ್ದರು. ಆದರೂ ಟೀವಿಯವರು ನಾಲ್ಕು ದಿನದಿಂದ ಹೆದರಿಸಿದ್ದರು. ಒಬ್ಬ ಜ್ಯೋತಿಷಿ ರಾಶಿಫಲ ಹೇಳುತ್ತಿದ್ದರೆ ಇನ್ನೊಂದು ಕಡೆ ವಿಜ್ಞಾನಿಯೊಬ್ಬ ಬರಿಗಣ್ಣಲ್ಲಿ ನೋಡಬೇಡಿ, ಕಣ್ಣು ಸುಟ್ಟು ಹೋಗುತ್ತದೆ ಎನ್ನುತ್ತಿದ್ದ. ಮಧ್ಯಾಹ್ನದವರೆಗೆ ಹಳೇ ಎಕ್ಸರೇ ಫಿಲ್ಮ್ ಉಂಟಾ ಎಂದು ಕೇಳಲು ಬಂದವರೇ ಬಂದವರು. ಆಮೇಲೆ ಪೇಟೆಯಲ್ಲಿ ನರಪಿಳ್ಳೆಯಿಲ್ಲ. ಆಗ ಬೊಮ್ಮಣ್ಣನ ಫೋನು.

"ತಂಗೀ, ನೀ ಈಗ್ಲೇ ಬಾ. ಅವಳು ಹೊರಗೆ ಹೋಗಿ ಕೂತಾಳೆ. ಸೂರ್ಯನ್ನ ನೋಡ್ತೇ ಅಂತಾಳೆ. ನನ್ನ ಮಾತು ಕೇಳೂದಿಲ್ಲ. ಇದ್ದದ್ದೂ ಸುಟ್ಟು ಹೋತದಲೇ!"

ಬೈದುಕೊಳ್ಳುತ್ತಲೇ ಸ್ಕೂಟರ್ ಹತ್ತಿದೆ. ಮಂಜಗುಣಿಯಲ್ಲಿ ಎಲ್ಲ ಮನೆಗಳ ಬಾಗಿಲೂ ಮುಚ್ಚಿತ್ತು. ದಡದಲ್ಲಿ ಮಳೆಗಾಲಕ್ಕೆಂದು ಮೇಲೆಳೆದು ಕವುಚಿ ಹಾಕಿದ ದೋಣಿಯ ಮೇಲೆ ಹೊನ್ನಕ್ಕ ಕೂತಿದ್ದರು, ಮುಖ ಸಮುದ್ರದ ಕಡೆಗೆ. ಬೊಮ್ಮಣ್ಣ ಅವರ ಸುತ್ತ ಸುತ್ತುತ್ತಿದ್ದರು. ಒಮ್ಮೆ ಕೈ ಹಿಡಿದು ಎಳೆಯುವುದು, ಒಮ್ಮೆ ಎದುರಿಗೆ ಅಡ್ಡ ನಿಲ್ಲುವುದು. ಆಕಾಶದ ತುಂಬ ಮೋಡ. ಸಮುದ್ರದ ಗಾಳಿ ಎಷ್ಟು ಜೋರಾಗಿತ್ತೆಂದರೆ ನನ್ನ ಸೀರೆಯ ಸೆರಗು ನಿಲ್ಲುತ್ತಿರಲಿಲ್ಲ.

"ಹೊನ್ನಕ್ಕ, ಒಳಗೆ ನಡೀರಿ" ಎಂದೆ.

"ನೀನೂ ಬಂದ್ಯಾ? ಊರಿಗೆಲ್ಲ ಫೋನ್ ಮಾಡಾರೆ ಇವರು" ಎಂದರು. "ನಂಗೆ ಬೆಳಕು ಗೊತ್ತಾತದೆ ಹೇಳಿ ಇವರು ಎಲ್ಲರ ಹತ್ರ ಹೇಳ್ಕಂಡು ತಿರಗ್ತಾರೆ. ನಂಗೂ ಹಂಗೇ ಅನಸ್ತದೆ. ಆದ್ರೆ ಕಿಟಕಿ ಎಲ್ಲದೆ ಹೇಳಿ ನಂಗೆ ಮೊದ್ಲೇ ಗೊತ್ತಲೆ, ಅದಕ್ಕೇ ಅನಸ್ತದಾ, ಹೌದಾಗಿ ಕಾಣ್ತದಾ? ಇವತ್ತು ಸೂರ್ಯನ ಬೆಳಕು ಕಡಿಮೆ ಆತದಂತೆ. ಕಡಿಮೆ ಆದದ್ದು ಗೊತ್ತಾದ್ರೆ ಬೆಳಕು ಅದೆ ಹೇಳಿ ಆತಲೆ? ಒಂದ್ಸಲ ನೋಡಿಬಿಡ್ತೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಮೋಡ ಹರಿಯಿತು. ಬಿಸಿಲು ಸೀದಾ ನಮ್ಮ ಮೂವರ ಮುಖಕ್ಕೆ ಬಿತ್ತು. ಸಮುದ್ರವೆಲ್ಲ ಫಳಫಳ. ನಾನು ತಟ್ಟನೆ ಕಣ್ಣು ಮುಚ್ಚಿ ತಲೆ ಬಗ್ಗಿಸಿದೆ. ಬೊಮ್ಮಣ್ಣ "ಅಯ್ಯೋ" ಎಂದು ಓಡಿಬಂದು ಎರಡೂ ಅಂಗೈಯಿಂದ ಹೆಂಡತಿಯ ಕಣ್ಣು ಮುಚ್ಚಿ ಹಿಡಿದರು.

"ಕೈ ತೆಗೀರಿ" ಎಂದರು ಹೊನ್ನಕ್ಕ.

"ಬೇಡ್ವೇ, ಸುಟ್ಟು ಹೋತದೆ."

"ತೆಗೀರಿ ಅಂದೆ."

ಗಂಡನ ಕೈಯನ್ನು ಅವರೇ ಕಿತ್ತು ಹಾಕಿದರು. ಮುಖ ಎತ್ತಿ, ರೆಪ್ಪೆ ಹೊಡೆಯದೆ, ಸೂರ್ಯನ ಕಡೆಗೇ ತಿರುಗಿದರು. ಆ ಮುಖದ ಮೇಲಿನ ಒಂದೊಂದು ಸುಕ್ಕೂ ನನಗೆ ಕಾಣುತ್ತಿತ್ತು, ಅಷ್ಟು ಬೆಳಕು. ಸ್ವಲ್ಪ ಹೊತ್ತು ಹಾಗೇ ಇದ್ದು ಕೇಳಿದರು:

"ಇನ್ನೂ ಮೋಡವೇ ಅದೆಯಾ?"

ಬೊಮ್ಮಣ್ಣ ನನ್ನ ಮುಖ ನೋಡಿದರು. ಆಮೇಲೆ ಹೆಂಡತಿಯ ಕಡೆಗೆ ತಿರುಗಿದರು.

"ಹ್ಞೂ. ಮೋಡವೇ ಅದೆ. ದಪ್ಪ ಮೋಡ."

"ಹಂಗಾರೆ ಕಾಯ್ವ" ಎಂದು ಹೊನ್ನಕ್ಕ ಪಕ್ಕಕ್ಕೆ ಸರಿದು ಗಂಡನಿಗೆ ಜಾಗ ಬಿಟ್ಟರು.

ಬೊಮ್ಮಣ್ಣ ಕೂತರು. ನಾನೂ ಆ ಕಡೆ ಕೂತೆ. ಮೂವರೂ ಬಿಸಿಲಲ್ಲಿ ಕಾದೆವು.