ರೆಫ್ರಿಯನ್ನೇ ಮ್ಯಾನೇಜರ್ ಮಾಡಿದ್ದು

೧೯೭೯ರಲ್ಲಿ ನಾನು ತುಮಕೂರಿನ ಶಿರಾ ಗೇಟಿನಿಂದಾಚೆ ಇದ್ದ ನೂಲಿನ ಗಿರಣಿಯೊಂದರಲ್ಲಿ ಪರ್ಸನಲ್ ಆಫೀಸರ್ ಆಗಿದ್ದೆ. ಈಗಿನವರು ಇದನ್ನೇ ಎಚ್.ಆರ್. ಅನ್ನುತ್ತಾರೆ, ಆಗ ಅಷ್ಟೆಲ್ಲ ನಾಜೂಕು ಇರಲಿಲ್ಲ. ರಜೆಯ ಅರ್ಜಿ, ಇಬ್ಬರು ಫಿಟ್ಟರುಗಳ ಹೊಡೆದಾಟ, ಕ್ಯಾಂಟೀನಿನ ಸಾಂಬಾರು ನೀರಾಗಿದೆ ಎಂಬ ದೂರು, ಎಲ್ಲವೂ ನನ್ನ ಮೇಜಿಗೇ ಬಂದು ಬೀಳುತ್ತಿತ್ತು. ಗಿರಣಿಯ ಫುಟ್‌ಬಾಲ್ ಟೀಮಿನ ಕಾರ್ಯದರ್ಶಿಯೂ ನಾನೇ. ನನಗೆ ಫುಟ್‌ಬಾಲ್ ಗೊತ್ತಿತ್ತೇ ಅಂತ ಯಾರೂ ಕೇಳಲಿಲ್ಲ. ಕುರ್ಚಿಯ ಜೊತೆಗೆ ಬಂದ ಕೆಲಸ ಅದು.

ಆ ಟೀಮೆಂದರೆ ಸಾಮಾನ್ಯವಲ್ಲ. ಜಿಲ್ಲೆಯ ಲೀಗಿನಲ್ಲಿ ಗಿರಣಿ ಟೀಮಿನ ಹೆಸರು ಹೇಳಿದರೆ ಕುಣಿಗಲ್ಲಿನವರು, ಗುಬ್ಬಿಯವರು ಮೊದಲೇ ಅರ್ಧ ಸೋತಿರುತ್ತಿದ್ದರು. ಭಾನುವಾರ ಆಟವಿದ್ದರೆ ಪೇಟೆಯ ಅತ್ತರಿನ ಅಂಗಡಿಯವರು, ಬೀಗ ರಿಪೇರಿಯವರು, ಕಾಲೇಜಿನ ಮೇಷ್ಟ್ರುಗಳು ಎಲ್ಲ ಮೈದಾನದ ಹಗ್ಗದ ಸುತ್ತ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದರು. ಕಡಲೆಕಾಯಿ ಸಿಪ್ಪೆಯ ಮೇಲೆ ನಡೆದ ಸದ್ದು ಈಗಲೂ ಕಿವಿಯಲ್ಲಿದೆ. ಎಂಥ ಸಂಜೆಗಳವು!

ಅಂಥ ಟೀಮು ಆ ವರ್ಷ ಸಾಲಾಗಿ ಸೋಲತೊಡಗಿತು. ಹಳೆಯ ಮ್ಯಾನೇಜರು, ನಮ್ಮ ಸ್ಟೋರ್ಸಿನ ಹಿರಿಯರೊಬ್ಬರು, ‘ನನ್ನ ಕೈಲಾಗಲ್ಲಪ್ಪ’ ಎಂದು ಕೈಚೆಲ್ಲಿದರು. ಜನರಲ್ ಮ್ಯಾನೇಜರು ನನ್ನನ್ನು ಕರೆಸಿ ಒಂದೇ ಮಾತು ಹೇಳಿದರು: “ಹೊಸ ಮ್ಯಾನೇಜರನ್ನ ಹುಡುಕಿ. ಈ ಸಲ ಲೀಗಿನಲ್ಲಿ ಕೊನೇ ಸ್ಥಾನ ಬಂತೋ, ಟೀಮು ಬಂದ್.”

ಟೀಮು ಬಂದ್ ಆದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ನಮ್ಮ ಆಟಗಾರರಲ್ಲಿ ಹೆಚ್ಚಿನವರು ‘ಬದಲಿ’ಗಳು. ಬದಲಿ ಎಂದರೆ ಕಾಯಂ ಕೆಲಸಗಾರ ರಜೆ ಹಾಕಿದ ದಿನ ಮಾತ್ರ ಕೆಲಸ ಸಿಗುವವನು. ಬೆಳಗಾದರೆ ಗೇಟಿನ ಹೊರಗೆ ನಿಂತು, ಒಳಗಿನಿಂದ ತನ್ನ ಹೆಸರು ಕೂಗುತ್ತಾರೋ ಇಲ್ಲವೋ ಎಂದು ಕಾಯಬೇಕು. ಟೀಮಿನಲ್ಲಿರುವ ಬದಲಿಗೆ ಮಾತ್ರ ದಿನವೂ ಕೆಲಸ ಖಾತ್ರಿ, ಆಟವಾಡುವಷ್ಟು ಕಾಲ. ಟೀಮು ಹೋದರೆ ಅವರೆಲ್ಲ ಮತ್ತೆ ಗೇಟಿಗೆ. ಕ್ಯಾಪ್ಟನ್ ಶಿವಣ್ಣನೂ ಬದಲಿಯೇ. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಹೆಂಡತಿ ಬಸುರಿ.

ಮ್ಯಾನೇಜರ್ ಕೆಲಸಕ್ಕೆ ಇಬ್ಬರು ಬಂದರು. ಮೊದಲನೆಯವರು ಜನರಲ್ ಮ್ಯಾನೇಜರ ಸಂಬಂಧಿಕರು. ಕಪ್ಪು ಕನ್ನಡಕ, ಬಿಳಿ ಬೂಟು. ಬೊಂಬಾಯಿಯಲ್ಲಿ ಎಷ್ಟು ದೊಡ್ಡ ಮ್ಯಾಚುಗಳನ್ನು ನೋಡಿದ್ದೇನೆಂದು ಒಂದು ಗಂಟೆ ಹೇಳಿದರು. ನೋಡಿದ್ದಷ್ಟೇ. ಎರಡನೆಯವರು ಬೆಂಗಳೂರಿನವರು, ರಾಜ್ಯಕ್ಕೆ ಆಡಿದವರು, ನಿಜಕ್ಕೂ ತಿಳಿದವರು. ಅವರ ಷರತ್ತು ಒಂದೇ: “ನನ್ನ ಏಳು ಹುಡುಗರನ್ನ ಕರ್ಕೊಂಡ್ ಬರ್ತೀನಿ. ನಿಮ್ಮೋರಲ್ಲಿ ನಾಲ್ಕು ಜನ ಸಾಕು.” ಕಾಫಿ ಕುಡಿಸಿ ಕಳಿಸಿದೆ. ಟೀಮನ್ನು ಉಳಿಸಿ ಹುಡುಗರನ್ನು ಗೇಟಿಗೆ ಹಾಕುವುದಾದರೆ ಆ ಉಳಿಸುವಿಕೆ ಯಾವ ಸಂಭ್ರಮಕ್ಕೆ?

ಕೊನೆಗೆ ಹುಡುಗರನ್ನೇ ಕ್ಯಾಂಟೀನಿನ ಹಿಂದೆ ಕೂರಿಸಿಕೊಂಡು ಕೇಳಿದೆ. “ಅಲ್ರಯ್ಯಾ, ನೀವು ಯಾರ ಮಾತು ಕೇಳ್ತೀರಿ? ಯಾರಿಗಾದ್ರೂ ಹೆದರ್ತೀರಾ?”

ಗೋಲ್‌ಕೀಪರ್ ಜಾಫರ್ ಕಿಸಕ್ಕನೆ ನಕ್ಕ. “ಗುಬ್ಬಿ ಮೇಷ್ಟ್ರು ಒಬ್ರಿಗೆ ಸಾರ್.”

ಶಿವಣ್ಣ ಲೋಟ ಕುಕ್ಕಿ ಎದ್ದೇ ನಿಂತ. “ಏನ್ಲಾ ಜಾಫರ್, ತಲೆ ನೆಟ್ಟಗೈತಾ? ಆವಯ್ಯನ್ ಹೆಸ್ರು ಎತ್ಬೇಡ ನನ್ ಮುಂದೆ!”

ಗುಬ್ಬಿ ಮೇಷ್ಟ್ರು ಅಂದರೆ ರಹಮತುಲ್ಲಾ ಅವರು. ಗುಬ್ಬಿಯ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರು, ಭಾನುವಾರ ಲೀಗಿನ ರೆಫ್ರಿ. ಹಿಂದಿನ ವರ್ಷದ ಫೈನಲಿನಲ್ಲಿ ಶಿವಣ್ಣ ಅವರ ಕೊರಳಪಟ್ಟಿ ಹಿಡಿದಿದ್ದ, ಅವರು ಅವನನ್ನು ಹೊರಗೆ ಕಳಿಸಿದ್ದರು, ನಾವು ಸೋತಿದ್ದೆವು. ಆಮೇಲೆ ಯಾರೋ ಪುಣ್ಯಾತ್ಮರು ಅವರ ಸೈಕಲ್ಲಿನ ಎರಡೂ ಚಕ್ರದ ಗಾಳಿ ಬಿಟ್ಟಿದ್ದರು.

ನಾನು ಅಂದು ರಾತ್ರಿ ಊಟ ಮಾಡುತ್ತ ಯೋಚಿಸಿದೆ. ಈ ವರ್ಷ ನಾವು ಸೋತ ಆಟಗಳಲ್ಲೆಲ್ಲ ಒಬ್ಬನೋ ಇಬ್ಬರೋ ರೆಫ್ರಿಯ ಜೊತೆ ಜಗಳವಾಡಿ ಹೊರಬಿದ್ದಿದ್ದರು. ಹನ್ನೊಂದು ಜನರ ಆಟವನ್ನು ಹತ್ತು ಜನ, ಒಂಬತ್ತು ಜನ ಆಡಿದರೆ ಇನ್ನೇನಾದೀತು? ಕಾಲಿನ ಕಾಯಿಲೆಯಲ್ಲ ಇದು, ಬಾಯಿಯ ಕಾಯಿಲೆ. ಮರುದಿನವೇ ಸ್ಕೂಟರ್ ಹತ್ತಿ ಗುಬ್ಬಿಗೆ ಹೋದೆ.

ಮೇಷ್ಟ್ರು ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ಒಳಗಿನಿಂದ ಚಹಾ ಬಂತು. ನಾನು ಬಂದ ಕಾರಣ ಹೇಳಿದಾಗ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅರೇ, ನಿಮ್ ಟೀಮಿನೋರು ನನ್ ಗಾಳಿ ಬಿಟ್ಟು ಕಳ್ಸಿದ್ರಲ್ಲ ಸ್ವಾಮಿ! ತುಮಕೂರಿಂದ ಗುಬ್ಬಿಗೆ ಸೈಕಲ್ ತಳ್ಕೊಂಡ್ ಬಂದಿದೀನಿ. ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ನಿಮ್ಮೋರಿಗೆ ಸೋತಾಗೆಲ್ಲ ರೆಫ್ರಿ ಡೊಂಕು.”

“ಅದಕ್ಕೇ ಮೇಷ್ಟ್ರೇ ಬಂದಿದ್ದು. ಆ ಹುಡುಗರ ಕೆಲಸ ಹೋಗುತ್ತೆ.”

ಬದಲಿಗಳ ವಿಷಯ ಪೂರ್ತಿ ಹೇಳಿದೆ. ನಗು ನಿಂತಿತು. ಚಹಾದ ಬಸಿಯನ್ನು ಕೆಳಗಿಟ್ಟರು.

“ಇಪ್ಪತ್ತು ವರ್ಷ ಆಯ್ತು ಸಾರ್ ಶಿಳ್ಳೆ ಹಿಡ್ದು. ಎರಡೂ ಕಡೆಯೋರು ಬೈತಾರೆ. ಗೆದ್ದೋರು ಮಿಠಾಯಿ ಹಂಚ್ವಾಗ ನಾನು ಒಬ್ನೇ ಸೈಕಲ್ ಹತ್ತಿ ಬರ್ತೀನಿ. ರೆಫ್ರಿಗೆ ಒಂದ್ ಕಡೆ ಅಂತ ಇರಲ್ಲ ನೋಡಿ.” ಆಮೇಲೆ ತಟ್ಟನೆ ಅಂದರು, “ಶಿಳ್ಳೆ ಬಿಟ್ಟು ಬರ್ತೀನಿ. ಆದ್ರೆ ಒಂದ್ ರೂಲು. ರೆಫ್ರಿ ಹತ್ರ ಬಾಯಿ ಬಿಟ್ಟೋನು ಆಟ ಬಿಟ್ಟು ವ್ಯಾನಲ್ಲಿ ಹೋಗಿ ಕೂತ್ಕೋಬೇಕು. ಯಾರೇ ಆಗ್ಲಿ. ರೆಫ್ರಿ ಕಳ್ಸಿಲ್ಲ ಅಂದ್ರೆ ನಾನ್ ಕಳಿಸ್ತೀನಿ.”

ಒಪ್ಪಿದೆ. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ.

ಶಾಲೆ ಬಿಟ್ಟ ಮೇಲೆ ಗುಬ್ಬಿಯಿಂದ ರೈಲಿನಲ್ಲೋ ಬಸ್ಸಿನಲ್ಲೋ ಬಂದು ಅಭ್ಯಾಸ ಮಾಡಿಸುತ್ತಿದ್ದರು. ಶಿವಣ್ಣ ಅವರ ಜೊತೆ ಮಾತಾಡುತ್ತಿರಲಿಲ್ಲ. ಮೇಷ್ಟ್ರೂ ಸೋಲುವವರಲ್ಲ. “ಜಾಫರ್, ನಿಮ್ ಕ್ಯಾಪ್ಟನ್ ಸಾಹೇಬ್ರಿಗೆ ಹೇಳು, ಹಿಂದಕ್ಕೆ ನಿಂತ್ಕೊಳ್ಳೋಕೆ” ಅನ್ನುವರು. ಮೂರಡಿ ದೂರದಲ್ಲಿ ನಿಂತ ಶಿವಣ್ಣ, “ಜಾಫರ್, ಕೇಳಿಸ್ತು ಅನ್ನು” ಅನ್ನುವನು. ನಡುವೆ ಸಿಕ್ಕ ಜಾಫರನ ಪಾಡು ದೇವರಿಗೇ ಪ್ರೀತಿ.

ಹೊಸ ಮ್ಯಾನೇಜರರ ಮೊದಲ ಆಟದಲ್ಲಿ ರೂಲು ಮುರಿದವನು ಅದೇ ಜಾಫರ್. ಎದುರಾಳಿಯ ಗೋಲು ಆಫ್‌ಸೈಡೆಂದು, ಅಂದರೆ ಆಟಗಾರ ನಿಯಮ ಮೀರಿ ಮುಂದೆ ಹೋಗಿ ನಿಂತಿದ್ದನೆಂದು, ರೆಫ್ರಿಯ ಮೇಲೆ ಕೂಗಿಬಿಟ್ಟ. ಮೇಷ್ಟ್ರು ಕೈ ಬೀಸಿ ಅವನನ್ನು ವ್ಯಾನಿಗೆ ಕಳಿಸಿದರು. ಗೋಲಿನ ಬಾಯಿಗೆ ಕೈ ಬಳಸಿ ಗೊತ್ತೇ ಇಲ್ಲದ ಒಬ್ಬ ಹುಡುಗ ನಿಂತ. ಮೂರು ಗೋಲು ತಿಂದು ಮನೆಗೆ ಬಂದೆವು. ಸೋಮವಾರ ಬೆಳಿಗ್ಗೆ ಜನರಲ್ ಮ್ಯಾನೇಜರು ನನ್ನನ್ನು ನಿಲ್ಲಿಸಿಕೊಂಡೇ ಮಾತಾಡಿದರು. ಕೂರಲು ಹೇಳಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಸಂಜೆ ಮೈದಾನಕ್ಕೆ ಹೋಗಿ, “ಗೋಲ್‌ಕೀಪರನ್ನೇ ಕಳಿಸೋದಾ ಮೇಷ್ಟ್ರೇ?” ಎಂದೆ.

“ಅವನಿಗೂ ಬಾಯಿ ಐತಲ್ಲ ಸಾರ್” ಅಂದರು, ಅಷ್ಟೇ.

ಆದರೆ ಅಲ್ಲಿಂದ ಮುಂದೆ ಬಾಯಿಗಳು ಮುಚ್ಚಿದವು. ಹನ್ನೊಂದು ಜನ ಹನ್ನೊಂದು ಜನರಾಗಿಯೇ ಆಟ ಮುಗಿಸತೊಡಗಿದರು. ಒಂದು ಡ್ರಾ, ಇನ್ನೊಂದು ಡ್ರಾ, ಆಮೇಲೆ ಒಂದು ಗೆಲುವು. ಕೊನೆಯ ಆಟ ಕುಣಿಗಲ್ಲಿನಲ್ಲಿ. ಸೋತರೆ ಕೊನೆಯ ಸ್ಥಾನ ನಮ್ಮದೇ. ಡ್ರಾ ಆದರೂ ಸಾಕು, ಉಳಿದುಕೊಳ್ಳುತ್ತೇವೆ.

ಕುಣಿಗಲ್ಲಿನ ಮೈದಾನದಲ್ಲಿ ಅಂದು ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಮೊದಲರ್ಧದಲ್ಲೇ ನಾವು ಒಂದು ಗೋಲು ಹೊಡೆದೆವು. ನಾನು ಆಗಲೇ ಹುಡುಗರಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕೊಡಿಸುವ ಲೆಕ್ಕದಲ್ಲಿದ್ದೆ. ಆಟ ಮುಗಿಯಲು ಇಪ್ಪತ್ತು ನಿಮಿಷ ಇರುವಾಗ ನಮ್ಮ ಗೋಲಿನ ಮುಂದೆ ಗುಂಪು ಕಟ್ಟಿತು. ಬಾಲು ಶಿವಣ್ಣನ ಮೈಗೆ ಬಡಿದು ಆಚೆ ಹಾರಿತು. ಶಿಳ್ಳೆ! ಕೈಗೆ ತಾಗಿದೆ, ಪೆನಾಲ್ಟಿ ಅಂದ ರೆಫ್ರಿ.

ಶಿವಣ್ಣನ ಮುಖ ಕೆಂಪಡರಿತು. ಹಲ್ಲು ಕಚ್ಚಿ ನಿಂತ. ಒಂದು ಮಾತಾಡಲಿಲ್ಲ. ಜಾಫರ್ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡ. ಹನ್ನೊಂದು ಜನರಲ್ಲಿ ಒಬ್ಬನೂ ತುಟಿ ಬಿಚ್ಚಲಿಲ್ಲ.

ಅಷ್ಟರಲ್ಲಿ ನನ್ನ ಪಕ್ಕದಿಂದ ಯಾರೋ ಹಗ್ಗ ಹಾರಿ ಒಳಗೆ ಓಡಿದರು. ನೋಡುತ್ತೇನೆ, ರಹಮತುಲ್ಲಾ ಮೇಷ್ಟ್ರು!

“ಕಣ್ ಕಾಣಲ್ವೇನಯ್ಯಾ ನಿಂಗೆ? ಎದೆಗ್ ತಾಗಿದ್ದು ಅದು, ಎದೆಗೆ! ಯಾವ ಸೀಮೆ ಪೆನಾಲ್ಟಿ ಇದು?”

ಆ ರೆಫ್ರಿ ಹರೆಯದವನು, ಇದೇ ಮೇಷ್ಟ್ರ ಕೈಕೆಳಗೆ ರೂಲು ಕಲಿತವನು. ಪಾಪ, ಕಂಗಾಲಾದ. “ಸಾರ್, ನೀವೇ ಹಿಂಗ್ ಮಾಡಿದ್ರೆ ಹೆಂಗೆ ಸಾರ್? ಆಚೆ ನಡೀರಿ.”

ಮೇಷ್ಟ್ರು ಇನ್ನೂ ಕೂಗುತ್ತಲೇ ಇದ್ದರು. ಆಗ ಶಿವಣ್ಣ ಹೋಗಿ ಅವರ ರಟ್ಟೆ ಹಿಡಿದ. ಹಿಂದಿನ ವರ್ಷದ ಕೊರಳಪಟ್ಟಿ ನನಗೆ ನೆನಪಾಯಿತು. ಆದರೆ ಅವನು ಮೆಲ್ಲಗೆ ಅಂದ, “ಮೇಷ್ಟ್ರೇ, ಬುಡಿ. ನಿಮ್ದೇ ರೂಲು.” ಜಾಫರನ ಮೂಲಕವಲ್ಲದೆ ಅವನು ಅವರಿಗೆ ಹೇಳಿದ ಮೊದಲ ಮಾತು ಅದು. ಮೇಷ್ಟ್ರು ಅವನನ್ನೇ ನೋಡಿದರು. ಟೋಪಿ ಸರಿಮಾಡಿಕೊಂಡರು. ಯಾರ ಮುಖವನ್ನೂ ನೋಡದೆ ನಡೆದುಹೋಗಿ, ಜನರ ಹಿಂದೆ ನಿಂತಿದ್ದ ಗಿರಣಿಯ ವ್ಯಾನಿನೊಳಗೆ ಕೂತು ಬಾಗಿಲು ಹಾಕಿಕೊಂಡರು.

ಪೆನಾಲ್ಟಿ ಗೋಲಾಯಿತು. ಒಂದಕ್ಕೊಂದು. ಉಳಿದ ಆಟ ನಾನು ನೋಡಿದ್ದೇನೆಂದು ಹೇಳಲಾರೆ. ಹೆಚ್ಚು ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದೆ. ಕುಣಿಗಲ್ಲಿನವರು ಅಲೆಯ ಮೇಲೆ ಅಲೆಯಾಗಿ ಬಂದರು. ನಮ್ಮವರು ಸದ್ದಿಲ್ಲದೆ, ಬಿದ್ದು ಎದ್ದು, ಬಾಲನ್ನು ಆಚೆ ಒದೆಯುತ್ತಲೇ ಹೋದರು. ಉದ್ದನೆಯ ಶಿಳ್ಳೆ ಕೇಳಿದಾಗ ಸ್ಕೋರು ಒಂದಕ್ಕೊಂದೇ ಇತ್ತು.

ಹುಡುಗರಿಗೆ ಕುಣಿಯಲೂ ತ್ರಾಣವಿರಲಿಲ್ಲ. ಕಾಲೆಳೆದುಕೊಂಡು ಬಂದು ಒಬ್ಬೊಬ್ಬರೇ ವ್ಯಾನು ಹತ್ತಿದರು. ಒಳಗಿದ್ದ ಮೇಷ್ಟ್ರಿಗೆ ಏನೂ ಕಂಡಿರಲಿಲ್ಲ, ಬರೀ ಗದ್ದಲ ಕೇಳಿತ್ತು. ಈ ಮೌನ ನೋಡಿ ಅವರ ಮುಖ ಬಿಳಿಚಿತು. “ಹೋಯ್ತಾ?” ಅಂದರು, ದನಿಯೇ ಇಲ್ಲದ ಹಾಗೆ.

ಶಿವಣ್ಣ ಅವರ ಪಕ್ಕದಲ್ಲೇ ಕುಸಿದು ಕೂತ. “ಇಲ್ಲ ಮೇಷ್ಟ್ರೇ. ಉಳ್ಕೊಂಡ್ವಿ.”

ಮೇಷ್ಟ್ರು ಟವೆಲಿನಿಂದ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ನಾವೆಲ್ಲ ಕಿಟಕಿಯಾಚೆ ನೋಡಿದೆವು.

ವ್ಯಾನು ಕುಣಿಗಲ್ ದಾಟಿ ತುಮಕೂರಿನ ರಸ್ತೆ ಹಿಡಿದ ಮೇಲೆ ಜಾಫರ್ ಕೆಣಕಿದ. “ಅಲ್ಲ ಮೇಷ್ಟ್ರೇ, ಅಲ್ಲಿ ನೀವೇ ರೆಫ್ರಿ ಆಗಿದ್ದಿದ್ರೆ?”

“ಪೆನಾಲ್ಟೀನೇ ಕೊಡ್ತಿದ್ದೆ ಕಣೋ” ಅಂದರು ಮೇಷ್ಟ್ರು. “ಬಾಲು ಕೈಗೇ ತಾಗಿತ್ತು. ನಾನೇ ನೋಡ್ದೆ.”

“ಮತ್ಯಾಕ್ ಹಂಗ್ ಕೂಗಾಡಿದ್ರಿ?” ಎಂದು ಕೇಳಿದ್ದು ಶಿವಣ್ಣ.

“ಏನೋಪ್ಪ. ನಮ್ ಹುಡುಗ್ರು ಅನ್ನಿಸ್ಬುಡ್ತು.”

ನಾನು ಆ ಗಿರಣಿಯಲ್ಲಿ, ಆಮೇಲೆ ಬೇರೆ ಕಡೆ, ಮೇಜಿನ ಈಚೆ ಕೂತು ಎಷ್ಟೋ ಜನರನ್ನು ಆರಿಸಿದೆ. ಓದು ಕೇಳಿದೆ, ಅನುಭವ ಕೇಳಿದೆ. ನ್ಯಾಯವಾಗಿ ನಡೆಯುವವರೇ ಬೇಕೆಂದು ಹುಡುಕಿದೆ. ಗುಬ್ಬಿಗೆ ಹೋಗಿದ್ದೂ ಅದಕ್ಕೇ. ಆದರೆ ಕೆಲಸಕ್ಕೆ ಸೇರಿಸಿಕೊಂಡ ದಿನವೇ ಯಾರೂ ನಮ್ಮವರಾಗಿಬಿಡುವುದಿಲ್ಲ. ಇಪ್ಪತ್ತು ವರ್ಷ ಯಾರ ಕಡೆಯೂ ಅಲ್ಲದ ಆ ಮನುಷ್ಯ ಕುಣಿಗಲ್ಲಿನ ಆ ಸಂಜೆ, ತಪ್ಪೆಂದು ಗೊತ್ತಿದ್ದೂ, ನಮ್ಮ ಕಡೆ ಬಂದರು. ಅಂಥದ್ದನ್ನು ಯಾವ ಇಂಟರ್‌ವ್ಯೂನಲ್ಲೂ ಕೇಳಿ ತಿಳಿಯಲಾಗದು ಎಂದು ನನಗೆ ಕಲಿಸಿದವರು ಅವರೇ.