ಮೂರು ಹೊತ್ತಿನ ವೋಲ್ಟೇಜು

ಬೋನಾಳ ಕೆರೆಗೆ ಬರುವ ಹಕ್ಕಿಗಳ ಚಿತ್ರಗಳನ್ನು ಹಲಗೆಯ ಮೇಲೆ ತಾನೇ ಕೊರೆಯುವ ಪುಟ್ಟ ಸಿಎನ್‌ಸಿ ಯಂತ್ರವೊಂದನ್ನು ನಾನು ಸುರಪುರದ ಹೊರಗಿನ ನಮ್ಮ ಹೊಲದ ಮನೆಯಲ್ಲಿ ಕಟ್ಟುತ್ತಿದ್ದೆ. ಮೂರು ಮೋಟರು, ಅವನ್ನು ನಡೆಸಲು ಮೂರು ಡ್ರೈವು. ಡ್ರೈವಿಗೆ ಐವತ್ತು ವೋಲ್ಟು ದಾಟಬಾರದು. ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರ್ ಸುತ್ತಿಸಲು ಶಹಾಪುರದಲ್ಲಿ ಮೋಟರ್ ವೈಂಡಿಂಗ್ ಅಂಗಡಿಯಿಟ್ಟ, ಎಲ್ಲರೂ ಕಾಕಾ ಎನ್ನುವ ಮುದುಕರ ಬಳಿ ಹೋದೆ.

“ನಿನಗ ಎಷ್ಟು ಬೇಕು ಆಮ್ಯಾಲ ಹೇಳು. ನಿಮ್ಮ ಮನ್ಯಾಗ ಎಷ್ಟು ಬರ್ತದ, ಅದನ್ನ ಮೊದಲ ಹೇಳು,” ಎಂದು ಮೀಟರನ್ನು ಕೈಗಿಟ್ಟರು. ಯಾರೇ ಬರಲಿ, ಅವರದು ಇದೇ ಪದ್ಧತಿ. ಸುತ್ತಲಿನ ಪಂಪುಗಳು ಓಡುವಾಗ ಒಮ್ಮೆ, ನಿಂತಾಗ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಅಳೆದು ಚೀಟಿಯಲ್ಲಿ ಬರೆದು ತರಬೇಕು.

ನಾನು ಪಂಪುಗಳು ಓಡುವಾಗ ಒಮ್ಮೆ ಅಳೆದೆ. ನೂರಾ ತೊಂಬತ್ತು. ಉಳಿದೆರಡನ್ನು ಬಸ್ಸಿನಲ್ಲಿ ಕೂತು ಬರೆದೆ: ನೂರಾ ತೊಂಬತ್ತೆರಡು, ನೂರಾ ಎಂಬತ್ತೊಂಬತ್ತು. ಬೇರೆ ಹೊತ್ತಿನಲ್ಲಿ ಬರೆದಂತೆ ಕಾಣಲೆಂದು ಪೆನ್ನನ್ನೂ ಬದಲಿಸಿದೆ. ಊರಿನವರೆಲ್ಲರ ದನಿ ನಕಲು ಮಾಡುವವನಿಗೆ ಅಳತೆಯ ನಕಲು ದೊಡ್ಡ ಮಾತಾಗಿರಲಿಲ್ಲ.

“ಯಾವಾಗ್ಲೂ ಇಷ್ಟ ಬರ್ತದೇನು?” ಚೀಟಿ ನೋಡಿ ಕಾಕಾ ಕೇಳಿದರು.

“ಹೌದ್ರಿ ಕಾಕಾ. ನಮ್ಮ ಕರೆಂಟಿಗೂ ನನ್ನಂಗ ಮೈಯಾಗ ಶಕ್ತಿ ಇಲ್ರಿ.”

ಅವರು ಆ ಚೀಟಿಯನ್ನು ನಂಬಿ, ನೂರಾ ತೊಂಬತ್ತು ಒಳಗೆ ಬಂದರೆ ಮೂವತ್ತೆರಡು ವೋಲ್ಟು ಹೊರಡುವಂತೆ ಸುತ್ತಿದರು. ಡ್ರೈವಿಗೆ ಬೇಕಾದ ಡಿಸಿ ಮಾಡಿದಾಗ ಅದು ನಲವತ್ತೈದರ ಹತ್ತಿರ ಏರುತ್ತದೆ, ಐವತ್ತರೊಳಗೇ. ಸುತ್ತುವಾಗ ಅವರು ಬಾಯಿಬಿಟ್ಟು ಎಣಿಸುತ್ತಾರೆ, ಹತ್ತಕ್ಕೊಮ್ಮೆ ಮೂಗಿನಿಂದ “ಹ್ಞಾಂ” ಎನ್ನುತ್ತಾರೆ. ಪಕ್ಕದ ಚಹಾದಂಗಡಿಯಲ್ಲಿ ಅದನ್ನೇ ಮಾಡಿ ತೋರಿಸಿ ಎಲ್ಲರನ್ನೂ ನಗಿಸಿದೆ. ಆ ನಗು ಒಳಗೆ ಅವರಿಗೂ ಕೇಳುತ್ತಿತ್ತು.

ಮೊದಲ ದಿನ ಯಂತ್ರ ಅರ್ಧ ಕೊಕ್ಕರೆ ಕೊರೆಯಿತು. ಅದು ಕೋಳಿಯಂತಿತ್ತು, ಇರಲಿ. ಮಧ್ಯಾಹ್ನ ಪಂಪುಗಳಿಗೆ ಕೊಡುವ ತ್ರೀಫೇಸ್ ಕರೆಂಟು ಹೋಗಿ ಪಂಪುಗಳೆಲ್ಲ ನಿಂತವು. ಬಲ್ಬು ಒಮ್ಮೆಲೇ ಬೆಳ್ಳಗೆ ಉರಿಯಿತು. ಮೂರೂ ಡ್ರೈವುಗಳು ಸುಟ್ಟವು, ಟ್ರಾನ್ಸ್‌ಫಾರ್ಮರಿನಿಂದ ಹೊಗೆ ಬಂತು. ಆಗ ಮೀಟರಿಟ್ಟು ನೋಡಿದೆ. ಇನ್ನೂರಾ ಐವತ್ತೈದು. ಆ ಲೆಕ್ಕಕ್ಕೆ ಡ್ರೈವಿಗೆ ನಲವತ್ತೈದರ ಬದಲು ಅರವತ್ತು ಹೋಗಿತ್ತು.

ಮರುದಿನ ಸುಟ್ಟ ಟ್ರಾನ್ಸ್‌ಫಾರ್ಮರ್ ಹಿಡಿದು, ನಿಜ ಹೇಳಿಬಿಡಬೇಕೆಂದೇ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಕಪ್ಪಾದ ಸುರುಳಿಯನ್ನು ಮೂಸಿ ನೋಡಿ ಕೆಳಗಿಟ್ಟರು.

“ನನ್ನ ಎಣಿಕಿ ತಪ್ಪ್ಯದ ತಮ್ಮಾ. ನೀವು ಹೊರಗ ನಗೋ ಹೊತ್ತಿನಾಗ ಹತ್ತಿಪ್ಪತ್ತು ಸುತ್ತು ಎರಡು ಸಲ ಹಿಡದೀನಿ ಅನಸ್ತದ.”

ಸುಮ್ಮನಿರುವುದು ಎಷ್ಟು ಹಗುರವಾಗಿತ್ತೆಂದು ಬರೆಯಲು ನಾಚಿಕೆಯಾಗುತ್ತದೆ. ಅಷ್ಟರಲ್ಲಿ ರೈತನೊಬ್ಬ ಸುಟ್ಟ ಪಂಪಿನ ಮೋಟರು ಹೊತ್ತು ತಂದ.

“ಯಾದಗಿರಿಗಿ ಒಯ್ಯಪಾ,” ಎಂದರು ಕಾಕಾ. “ಇನ್ನ ನಾ ಸುತ್ತಂಗಿಲ್ಲ. ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲ.”

ರೈತ ಮೋಟರು ಎತ್ತಿಕೊಂಡು ಚಹಾದಂಗಡಿಯತ್ತ ಹೋದ.

“ಕಾಕಾ, ಎಣಿಕಿ ತಪ್ಪಿಲ್ರಿ,” ಎಂದೆ. “ಚೀಟಿ ಸುಳ್ಳದ. ನಾ ಒಂದ ಸಲ ಅಳದೀನ್ರಿ.”

ಅವರು ಸುರುಳಿಯಿಂದ ತಲೆ ಎತ್ತಿದರು. “ಮುದುಕನ್ನ ಸಮಾಧಾನ ಮಾಡಾಕತ್ತಿ ಏನು? ಇದ್ಯಾರ ದನಿ?”

“ನಂದ ರೀ.”

ನಂಬಲಿಲ್ಲ. ನನ್ನ ದನಿಯನ್ನು ಅವರು ಎಂದಾದರೂ ಕೇಳಿದ್ದರೇ?

“ಬಿಚ್ಚಿ ಎಣಸೂಣ್ರಿ,” ಎಂದೆ.

ಅವರು ಒಂದೊಂದೇ ಸುತ್ತು ಬಿಚ್ಚಿದರು, ನಾನು ಎಣಿಸಿದೆ. ಹತ್ತಕ್ಕೆ ಬಂದಾಗ ಮೂಗಿಗೆ ಏರಿದ “ಹ್ಞಾಂ” ಅನ್ನು ನುಂಗಿಕೊಂಡೆ. ಮೇಲಿನ ದಪ್ಪ ತಂತಿ ತೊಂಬತ್ತಾರು ಸುತ್ತು. ಒಳಗಿನ ತೆಳು ತಂತಿಯನ್ನೂ ಬಿಚ್ಚಿದೆವು, ಐದುನೂರಾ ಎಪ್ಪತ್ತು. ಸುತ್ತುವ ಮೊದಲು ಲೆಕ್ಕ ಹಾಕಿ ಗೋಡೆಯ ಮೇಲೆ ಅವರು ಸೀಮೆಸುಣ್ಣದಿಂದ ಬರೆದಿಟ್ಟಿದ್ದೂ ಅಷ್ಟೇ.

ಕಾಕಾ ಬಯ್ದಿದ್ದರೆ ಚೆನ್ನಾಗಿತ್ತು, ಆಮೇಲೆ ಆ ಬೈಗುಳದ ನಕಲು ಮಾಡಿಯಾದರೂ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಎದ್ದು ಬಾಗಿಲಿಗೆ ಹೋಗಿ, ಚಹಾದಂಗಡಿಯ ಬಳಿ ಇನ್ನೂ ಗಾಡಿ ಕಾಯುತ್ತಿದ್ದ ರೈತನನ್ನು ಕೂಗಿದರು.

“ಏ ಯಪ್ಪಾ, ಮೋಟರ್ ಒಳಗ ತಾ. ನಾನ ಸುತ್ತತೀನಿ.”

ಆಮೇಲೆ ಮೀಟರನ್ನು ಮತ್ತೆ ನನ್ನ ಕೈಗಿಟ್ಟರು. “ಇಪ್ಪತ್ತೆಂಟು ವೋಲ್ಟು ಸಾಕಾಗಬಹುದು ನಿನಗ. ಖರೇ ಚೀಟಿ ತಾ, ಆಮ್ಯಾಲ ಹೇಳ್ತೀನಿ.”